ಅಂಗೈಯಗಲದ ಗಣಕ: ಅದರ ಶಕ್ತಿ ಮತ್ತು ಮಿತಿ

ಅಗ್ಗವಾದ ವಸ್ತುವೊಂದು ಪೇಟೆಗೆ ಬಂದಾಗ ಅದರಲ್ಲಿ ಏನೇನು ಇದೆಯೆಂದು ಕೇಳುವವರು ಹಲವರು. ಏನೇನು ಇಲ್ಲವೆಂದು ಕೇಳುವವರು ವಿರಳ. ವಿಜ್ಞಾನದ ವಿದ್ಯಾರ್ಥಿಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಉಪಯುಕ್ತವಾದುದು. ಇಂದು ಪ್ರಯೋಗಶಾಲೆಗಳನ್ನೂ ವಿದ್ಯಾರ್ಥಿಗಳ ಮೇಜುಗಳನ್ನೂ ಪ್ರವೇಶಿಸಿರುವ ಅಂಗೈಯಗಲದ ಗಣಕಗಳನ್ನು ಈ ಎರಡನೆಯ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಾಮಾನ್ಯವಾದ ಮೇಜುಗಣಕದ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಅದರೊಳಗೆ ಹಲವು ಭಾಗಗಳು ಬೇರೆ ಬೇರೆಯಾಗಿ ಕಾಣುತ್ತವೆ. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಕೆಳಕ್ಕಿಳಿಸಿ ಕೊಡುವ ಘಟಕ, ಲೆಕ್ಕ ಮಾಡುವ ಸಂಸ್ಕಾರಕ, ಅದರ ತಲೆಯ ಮೇಲೆ ಲೋಹದ ರೆಕ್ಕೆಗಳು ಮತ್ತು ಒಂದು ಫ್ಯಾನು, ಕಿತ್ತು ಬದಲಿಸಬಹುದಾದ ಸ್ಮೃತಿಯ ಪಟ್ಟಿಗಳು, ಮಾಹಿತಿಯನ್ನು ಶೇಖರಿಸುವ ಡಿಸ್ಕು, ಒಂದು ಮೂಲೆಯಲ್ಲಿ ಗುಂಡಿಯಾಕಾರದ ಪುಟ್ಟ ವಿದ್ಯುತ್ಕೋಶ. ನಾವು ಈಗ ಹೇಳಹೊರಟಿರುವ ಗಣಕದಲ್ಲಾದರೋ ಸಂಸ್ಕಾರಕ, ಸ್ಮೃತಿ, ಸಂಪರ್ಕದ ದ್ವಾರಗಳು ಇವಿಷ್ಟನ್ನೇ ಒಂದು ಹಲಗೆಯ ಮೇಲೆ ಬೆಸೆದಿರುತ್ತಾರೆ. ಆದುದರಿಂದ ಇದನ್ನು ಏಕಫಲಕ ಗಣಕವೆಂದು ಕರೆಯಬಹುದು. ಇದು ಆಟಿಕೆಯಲ್ಲ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ದೊಡ್ಡ ದೊಡ್ಡ ಗಣಕಗಳನ್ನು ಹೇಗೋ ಹಾಗೆಯೇ ಈ ಹಲಗೆಯನ್ನೂ ನಡೆಸುತ್ತದೆ.

ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಹುಟ್ಟಿದ ರಾಸ್ಪ್‌ಬೆರಿ ಪೈ. ಗಣಕ ವಿಜ್ಞಾನವನ್ನು ಕಲಿಯಲು ಬರುವ ತರುಣರಿಗೆ ಯಂತ್ರದೊಡನೆ ನೇರವಾದ ಪರಿಚಯ ಕಡಿಮೆಯಾಗುತ್ತಿರುವುದನ್ನು ಕಂಡ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು, ಹಾಳಾದರೂ ಹೆಚ್ಚು ನಷ್ಟವಾಗದ ಗಣಕವೊಂದನ್ನು ಮಕ್ಕಳ ಕೈಗೆ ಕೊಡಬೇಕೆಂದು ಸಂಕಲ್ಪಿಸಿದರು. 2012ರ ಫೆಬ್ರವರಿ 29ರಂದು ಮೊದಲನೆಯ ಹಲಗೆ ಮಾರಾಟಕ್ಕೆ ಬಂದಿತು. ಅದರ ಬೆಲೆ 35 ಡಾಲರ್. ಉದ್ದ ಸುಮಾರು 86 ಮಿಲಿಮೀಟರ್, ಅಗಲ 56 ಮಿಲಿಮೀಟರ್. ಸ್ಮೃತಿ 256 ಮೆಗಾಬೈಟ್. ಸಂಸ್ಕಾರಕದ ಮಿಡಿತ ಸೆಕೆಂಡಿಗೆ 70 ಕೋಟಿ. 2015ರ ನವೆಂಬರಿನಲ್ಲಿ ಬಂದ ಅದರ ಕಿರಿಯ ಸೋದರ ‘ಜೀರೋ’ವಿನ ಬೆಲೆ ಕೇವಲ 5 ಡಾಲರ್. ಅದನ್ನು ಒಂದು ಮಾಸಪತ್ರಿಕೆಯ ಮುಖಪುಟಕ್ಕೆ ಅಂಟಿಸಿ ಓದುಗರಿಗೆ ಉಚಿತವಾಗಿ ಹಂಚಿದುದೂ ಉಂಟು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬ ಮಾತು ಇದಕ್ಕೆ ಸಲ್ಲುತ್ತದೆ.

ಇಷ್ಟು ಚಿಕ್ಕದಾಗಿಯೂ ಇಷ್ಟು ಅಗ್ಗವಾಗಿಯೂ ಇರುವುದು ಹೇಗೆ ಸಾಧ್ಯವಾಯಿತು? ಅರೆವಾಹಕ ವಿಜ್ಞಾನದ ಪ್ರಗತಿ ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ, ಬಿಟ್ಟುಬಿಡುವಿಕೆ. ಮೇಜುಗಣಕದಲ್ಲಿದ್ದ ಹಲವು ಭಾಗಗಳು ಇಲ್ಲಿ ಇಲ್ಲ. ಆದರೆ ಭಾಗವನ್ನು ಬಿಟ್ಟ ಮಾತ್ರಕ್ಕೆ ಅದು ಮಾಡುತ್ತಿದ್ದ ಕೆಲಸದ ಅವಶ್ಯಕತೆ ಇಲ್ಲವಾಗುವುದಿಲ್ಲ. ಆ ಹೊಣೆ ಉಪಯೋಗಿಸುವವನ ಹೆಗಲಿಗೆ ಬೀಳುತ್ತದೆ. ಇದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಕಾಲೇಜೊಂದರ ವಿದ್ಯಾರ್ಥಿಗಳು ಮಹಡಿಯ ಮೇಲೆ ಇಂಥ ಗಣಕವೊಂದನ್ನು ಇರಿಸಿ, ನಿಮಿಷಕ್ಕೊಮ್ಮೆ ಗಾಳಿಯ ಉಷ್ಣತೆಯನ್ನು ಅಳೆದು, ಒಂದು ತಿಂಗಳ ದಾಖಲೆಯನ್ನು ಸಿದ್ಧಪಡಿಸಲು ಹೊರಟಿದ್ದಾರೆಂದು ಭಾವಿಸಿ. ತಿಂಗಳು ಕಳೆದ ಮೇಲೆ ಆ 40,000ಕ್ಕೂ ಮಿಕ್ಕಿದ ಅಂಕಿಗಳನ್ನು ನಂಬಬಹುದೇ? ನಮ್ಮ ಪ್ರಶ್ನೆ ಇದು.

ತಂತಿಯಲ್ಲಿ ಕಳೆದುಹೋಗುವ ವೋಲ್ಟು

ಈ ಹಲಗೆಗೆ 5 ವೋಲ್ಟಿನ ವಿದ್ಯುತ್ತು ಬೇಕು. ವಿದ್ಯುತ್ತನ್ನು ಒದಗಿಸುವ ಘಟಕ ಹಲಗೆಯ ಹೊರಗಿದೆಯಾದ್ದರಿಂದ, ಕೈಗೆ ಸಿಕ್ಕಿದ ಮೊಬೈಲಿನ ಚಾರ್ಜರನ್ನೂ ಉದ್ದವಾದ ತೆಳುವಾದ ತಂತಿಯನ್ನೂ ಜೋಡಿಸುವುದು ಸಾಮಾನ್ಯ. ಇಲ್ಲಿ ಓಮನ ನಿಯಮವನ್ನು ಮರೆಯಬಾರದು. 0.32 ಮಿಲಿಮೀಟರ್ ವ್ಯಾಸದ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.21 ಓಮ್. ಹೋಗುವುದಕ್ಕೊಂದು ಬರುವುದಕ್ಕೊಂದು ಎಂದು ಎರಡು ತಂತಿಗಳಿರುವುದರಿಂದ, ಒಂದು ಮೀಟರು ದೂರಕ್ಕೆ ಒಟ್ಟು ರೋಧ 0.43 ಓಮ್ ಆಯಿತು. 1.2 ಆಂಪಿಯರ್ ಪ್ರವಾಹ ಹರಿದಾಗ ತಂತಿಯಲ್ಲೇ ಅರ್ಧ ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ. ಚಾರ್ಜರು 5.1 ವೋಲ್ಟ್ ಕೊಟ್ಟರೂ ಹಲಗೆಗೆ ಮುಟ್ಟುವುದು 4.6 ವೋಲ್ಟಿಗಿಂತ ಕಡಿಮೆ. ರಾಸ್ಪ್‌ಬೆರಿ ಪೈ ಹಲಗೆಗಳಲ್ಲಿ ಸುಮಾರು 4.63 ವೋಲ್ಟನ್ನು ಎಚ್ಚರಿಕೆಯ ಗಡಿಯೆಂದು ಇಟ್ಟಿದ್ದಾರೆ. ಅದಕ್ಕಿಂತ ಕೆಳಗಿಳಿದರೆ ತೆರೆಯ ಮೇಲೆ ಎಚ್ಚರಿಕೆ ಮೂಡುತ್ತದೆ. ಆದರೆ ಮಹಡಿಯ ಮೇಲಿನ ಗಣಕಕ್ಕೆ ತೆರೆಯೇ ಇರುವುದಿಲ್ಲವಷ್ಟೆ! ಕೆಲಸ ಹಗುರವಾಗಿದ್ದಾಗ ಸರಿಯಾಗಿ ನಡೆದು, ಹೆಚ್ಚಾದಾಗ ಕಾರಣವಿಲ್ಲದೆ ನಿಂತಂತೆ ಕಾಣುವ ಗಣಕದ ರೋಗ ಅನೇಕ ವೇಳೆ ಕ್ರಮವಿಧಿಯಲ್ಲಿರದೆ ತಂತಿಯಲ್ಲಿರುತ್ತದೆ. ತಂತಿ ದಪ್ಪವಾಗಿ ಗಿಡ್ಡವಾಗಿ ಇರಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬರೆಯುತ್ತಿರುವಾಗಲೇ ಆರಿದ ದೀಪ

ಮೇಜುಗಣಕದ ಡಿಸ್ಕಿಗೆ ಬದಲಾಗಿ ಇಲ್ಲಿ ಸಾಮಾನ್ಯವಾಗಿ ಉಗುರಿನಷ್ಟು ದೊಡ್ಡದಾದ ಮೆಮೊರಿ ಕಾರ್ಡು ಇರುತ್ತದೆ. ಲಿನಕ್ಸ್ ವ್ಯವಸ್ಥೆಯೂ ನಮ್ಮ ಅಳತೆಗಳೂ ಇದರಲ್ಲೇ ವಾಸ. ಇದರೊಳಗಿನ ಸೂಕ್ಷ್ಮ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ವಿದ್ಯುನ್ನಿರೋಧಕ ಪದರದ ಹಿಂದೆ ಸೆರೆಹಿಡಿದು ಮಾಹಿತಿಯನ್ನು ಉಳಿಸುತ್ತಾರೆ. ಬರೆದುದನ್ನು ಅಳಿಸಬೇಕಾದರೆ ಒಂದೊಂದು ಕೋಶವನ್ನು ಅಳಿಸಲಾಗುವುದಿಲ್ಲ. ಒಂದು ಇಡೀ ಗುಂಪನ್ನೇ ಅಳಿಸಬೇಕು. ಪ್ರತಿ ಸಲ ಅಳಿಸಿದಾಗಲೂ ನಿರೋಧಕ ಪದರ ಸ್ವಲ್ಪ ಸವೆಯುತ್ತದೆ. ನಿಮಿಷಕ್ಕೊಮ್ಮೆ ಇಪ್ಪತ್ತು ಅಕ್ಷರಗಳ ಒಂದು ಸಾಲನ್ನು ಬರೆದರೂ ಕಾರ್ಡಿನೊಳಗೆ ಅದರ ಹಲವು ಪಟ್ಟು ಬರವಣಿಗೆ ನಡೆಯುತ್ತದೆ.

ಸವೆತ ನಿಧಾನವಾದುದು, ವಿದ್ಯುತ್ತು ಹೋಗುವುದು ಹಠಾತ್ತಾದುದು. ಕಾರ್ಡು ತನ್ನೊಳಗಿನ ಮಾಹಿತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಿರುವ ಕ್ಷಣದಲ್ಲಿಯೇ ಕರೆಂಟು ಹೋದರೆ, ಆಗ ಬರೆಯುತ್ತಿದ್ದ ಸಾಲು ಮಾತ್ರವಲ್ಲ, ಹಿಂದೆ ಬರೆದಿಟ್ಟ ಮಾಹಿತಿಯೂ, ಕೆಲವು ವೇಳೆ ಕಾರ್ಯಾಚರಣ ವ್ಯವಸ್ಥೆಯೂ ಕೆಡಬಹುದು. ನಮ್ಮ ಊರುಗಳಲ್ಲಿ ದಿನಕ್ಕೆ ಹಲವು ಬಾರಿ ಕರೆಂಟು ಹೋಗಿ ಬರುವುದು ಅಪೂರ್ವವೇನೂ ಅಲ್ಲ. ಪರಿಹಾರಗಳು ಇವೆ. ವ್ಯವಸ್ಥೆಯಿರುವ ಭಾಗವನ್ನು ಓದಲು ಮಾತ್ರ ಬರುವಂತೆ ಬಂಧಿಸಿಡಬಹುದು. ಅಳತೆಗಳನ್ನು ಸ್ಮೃತಿಯಲ್ಲಿ ಕೂಡಿಟ್ಟು ಹತ್ತು ನಿಮಿಷಕ್ಕೊಮ್ಮೆ ಒಟ್ಟಿಗೆ ಬರೆಯಬಹುದು. ಚಿಕ್ಕದೊಂದು ಬ್ಯಾಟರಿಯ ಆಸರೆಯನ್ನು ಕೊಡಬಹುದು. ಒಟ್ಟಿಗೆ ಬರೆಯುವ ಉಪಾಯದಲ್ಲಿ ಕರೆಂಟು ಹೋದಾಗ ಹತ್ತು ನಿಮಿಷಗಳ ಅಳತೆಗಳು ನಷ್ಟವಾಗುವ ಸಂಭವವಿದೆ. ಆ ನಷ್ಟವನ್ನು ಕೊಟ್ಟು ಕಾರ್ಡಿನ ಆಯುಸ್ಸನ್ನು ಕೊಳ್ಳುವುದೇ, ಬೇಡವೇ ಎಂಬುದನ್ನು ಪ್ರಯೋಗ ಮಾಡುವವನೇ ತೀರ್ಮಾನಿಸಬೇಕು.

ಗಡಿಯಾರವಿಲ್ಲದ ದಿನಚರಿ

ಮೇಜುಗಣಕದ ಮೂಲೆಯಲ್ಲಿದ್ದ ಗುಂಡಿಯಾಕಾರದ ವಿದ್ಯುತ್ಕೋಶವನ್ನು ವಾಚಕರು ಮರೆತಿರಲಾರರು. ಗಣಕ ನಿದ್ರಿಸುತ್ತಿರುವಾಗಲೂ ಒಂದು ಪುಟ್ಟ ಗಡಿಯಾರವನ್ನು ನಡೆಸುತ್ತಿರುವುದು ಅದರ ಕೆಲಸ. ಏಕಫಲಕ ಗಣಕಗಳಲ್ಲಿ ಅನೇಕವಕ್ಕೆ ಈ ಗಡಿಯಾರವಿಲ್ಲ. ರಾಸ್ಪ್‌ಬೆರಿ ಪೈ ಕುಟುಂಬದ ಮುಖ್ಯ ಹಲಗೆಗಳಲ್ಲಿ 2023ರಲ್ಲಿ ಬಂದ ಐದನೆಯ ಪೀಳಿಗೆಯವರೆಗೂ ಅದು ಇರಲಿಲ್ಲ. ಐದನೆಯದರಲ್ಲಿ ಗಡಿಯಾರವಿದ್ದರೂ ಅದರ ವಿದ್ಯುತ್ಕೋಶವನ್ನು ನಾವೇ ಕೊಂಡು ಜೋಡಿಸಬೇಕು. ಗಡಿಯಾರವಿಲ್ಲದ ಹಲಗೆ ಅಂತರಜಾಲದ ಮೂಲಕ ವೇಳೆಯನ್ನು ಕೇಳಿ ತಿಳಿಯುತ್ತದೆ. ಅಂತರಜಾಲವಿಲ್ಲದಿದ್ದರೆ, ತಾನು ಹಿಂದೆ ಕಾರ್ಡಿನಲ್ಲಿ ಬರೆದಿಟ್ಟಿದ್ದ ವೇಳೆಯನ್ನೇ ಈಗಿನ ವೇಳೆಯೆಂದು ತಿಳಿದು ಎಣಿಕೆಯನ್ನು ಮುಂದುವರಿಸುತ್ತದೆ.

ಇದರ ಪರಿಣಾಮವನ್ನು ನೋಡೋಣ. ವೇಳೆಯನ್ನು ಗಂಟೆಗೊಮ್ಮೆ ಬರೆದಿಡುವ ಏರ್ಪಾಡಿದೆಯೆಂದು ಇಟ್ಟುಕೊಳ್ಳಿ. ಕೊನೆಯ ಸಲ 2 ಗಂಟೆ 17 ನಿಮಿಷಕ್ಕೆ ಬರೆದಿಟ್ಟಿದೆ. 2 ಗಂಟೆ 50 ನಿಮಿಷಕ್ಕೆ ಕರೆಂಟು ಹೋಗಿ 5 ಗಂಟೆಗೆ ಮರಳಿತು. ಗಣಕ ಎದ್ದು 2 ಗಂಟೆ 17 ನಿಮಿಷವೆಂದೇ ತಿಳಿದು ಅಳತೆಗಳನ್ನು ಬರೆಯತೊಡಗುತ್ತದೆ. ಈಗ ದಾಖಲೆಯಲ್ಲಿ 2.17ರಿಂದ 2.50ರ ವರೆಗಿನ ಅವಧಿ ಎರಡು ಬಾರಿ ಬಂದಿದೆ. ಸಂಜೆಯ ತಂಪು ಮಧ್ಯಾಹ್ನದ ಖಾತೆಗೆ ಸೇರಿದೆ. ಪ್ರತಿಯೊಂದು ಅಂಕಿಯೂ ಸರಿಯಾಗಿದೆ, ಆದರೆ ದಾಖಲೆ ಸುಳ್ಳಾಗಿದೆ. ಇಂಥ ತಪ್ಪು ಗಣಕ ನಿಂತುಹೋಗುವುದಕ್ಕಿಂತಲೂ ಅಪಾಯಕರ. ಏಕೆಂದರೆ ನಿಂತ ಗಣಕ ತಾನು ನಿಂತಿದ್ದೇನೆಂದು ತೋರಿಸಿಕೊಳ್ಳುತ್ತದೆ, ಇದು ತೋರಿಸಿಕೊಳ್ಳುವುದಿಲ್ಲ. ಪರಿಹಾರವೇನೋ ಸುಲಭವಾಗಿದೆ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಕ್ವಾರ್ಟ್ಸ್ ಹರಳಿನ ಗಡಿಯಾರದ ಬಿಲ್ಲೆಗಳು ಪ್ರತ್ಯೇಕವಾಗಿ ದೊರೆಯುತ್ತವೆ. ಉಷ್ಣತೆಯ ಏರಿಳಿತಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುವ ಉತ್ತಮ ಬಿಲ್ಲೆಯಲ್ಲಿ ದೋಷ ಹತ್ತು ಲಕ್ಷಕ್ಕೆ ಎರಡು ಭಾಗ, ಎಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ ಮಾತ್ರ.

ತನ್ನ ಶಾಖವನ್ನು ತಾನೇ ಅಳೆಯುವ ಯಂತ್ರ

ಗಣಕವು ಹೀರುವ ವಿದ್ಯುಚ್ಛಕ್ತಿ ಬಹುಮಟ್ಟಿಗೆ ಶಾಖವಾಗಿಯೇ ಹೊರಬೀಳುತ್ತದೆ. 2019ರಲ್ಲಿ ಬಂದ ನಾಲ್ಕನೆಯ ಪೀಳಿಗೆಯ ಹಲಗೆ ಸುಮ್ಮನಿರುವಾಗ ಸುಮಾರು 3 ವಾಟ್, ದುಡಿಯುವಾಗ ಸುಮಾರು 6 ವಾಟ್ ಶಕ್ತಿಯನ್ನು ವ್ಯಯಿಸುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಅದರ ಬಹುಭಾಗ ಹುಟ್ಟುವುದು ಉಗುರಿನಷ್ಟು ಜಾಗದಲ್ಲಿ. ಫ್ಯಾನಿಲ್ಲ, ರೆಕ್ಕೆಗಳಿಲ್ಲ. ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯಾದರೆ ಹುಟ್ಟಿದಷ್ಟೇ ಶಾಖ ಹೊರಹೋಗುತ್ತದೆಯೋ ಅಷ್ಟು ಬಿಸಿಯಾಗಿ ಅದು ನಿಲ್ಲುತ್ತದೆ. ಈ ವ್ಯತ್ಯಾಸ 45 ಡಿಗ್ರಿ ಎಂದಿಟ್ಟುಕೊಂಡರೆ, 20 ಡಿಗ್ರಿಯ ಕೇಂಬ್ರಿಡ್ಜಿನ ಕೊಠಡಿಯಲ್ಲಿ ಸಂಸ್ಕಾರಕದ ಉಷ್ಣತೆ 65 ಡಿಗ್ರಿ ಸೆಲ್ಸಿಯಸ್. 40 ಡಿಗ್ರಿಯ ಕಲಬುರಗಿಯ ಬೇಸಗೆಯಲ್ಲಿ ಅದೇ ಹಲಗೆ 85 ಡಿಗ್ರಿಗೆ ಏರಬೇಕಾಗುತ್ತದೆ. ಈ ಹಲಗೆ ಸುಮಾರು 80 ಡಿಗ್ರಿ ಮುಟ್ಟಿದೊಡನೆ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ಎಲ್ಲ ಊರುಗಳಲ್ಲಿಯೂ ದೊರೆಯುವ ವೇಗವಲ್ಲ.

2015ರ ಡಿಸೆಂಬರಿನಲ್ಲಿ ಇಂಥ ಎರಡು ಹಲಗೆಗಳನ್ನು ವಿದ್ಯಾರ್ಥಿಗಳ ಪ್ರಯೋಗಗಳಿಗಾಗಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿದರು. ಅಲ್ಲಿ ತೂಕದ ಅನುಭವವಿಲ್ಲವಾದ್ದರಿಂದ ಬಿಸಿ ಗಾಳಿ ಮೇಲೇರುವುದೇ ಇಲ್ಲ. ಸಹಜವಾದ ಸಂವಹನ ನಡೆಯುವುದಿಲ್ಲ. ಆದುದರಿಂದ ಶಾಖವನ್ನು ಹರಡುವ ದಪ್ಪನಾದ ಅಲ್ಯುಮಿನಿಯಂ ಕವಚವನ್ನು ಅವುಗಳಿಗೆ ತೊಡಿಸಬೇಕಾಯಿತು. ಬಿಟ್ಟ ಭಾಗವನ್ನು ಬೇರೆ ರೂಪದಲ್ಲಿ ಮರಳಿ ತರಬೇಕಾಯಿತೆಂದು ಹೇಳಬಹುದು.

ನಮ್ಮ ಮಹಡಿಯ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೊಂದು ಪಾಠವಿದೆ. ಉಷ್ಣತೆಯ ಸಂವೇದಕವನ್ನು ಗಣಕದ ಪೆಟ್ಟಿಗೆಯೊಳಗೇ ಇಟ್ಟರೆ ಅದು ಊರಿನ ಗಾಳಿಯ ಉಷ್ಣತೆಯನ್ನಲ್ಲ, ಗಣಕದ ಉಷ್ಣತೆಯನ್ನು ತೋರಿಸುತ್ತದೆ. ಸಂವೇದಕವನ್ನು ತಂತಿಯ ಮೂಲಕ ದೂರದಲ್ಲಿ, ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಬೇಕು.

ಹೌದು, ಅಲ್ಲ; ಇವೆರಡೇ ಗೊತ್ತು

ರಾಸ್ಪ್‌ಬೆರಿ ಪೈ ಹಲಗೆಯ ಅಂಚಿನಲ್ಲಿ ಸಾಲಾಗಿ ನಿಂತಿರುವ ಕಡ್ಡಿಗಳ ಮೂಲಕ ಹೊರಗಿನ ಉಪಕರಣಗಳನ್ನು ಜೋಡಿಸಬಹುದು. ಪ್ರಯೋಗಪ್ರಿಯರಿಗೆ ಇದು ದೊಡ್ಡ ಆಕರ್ಷಣೆ. ಆದರೆ ಈ ಕಡ್ಡಿಗಳು ವೋಲ್ಟೇಜು ಇದೆಯೇ ಇಲ್ಲವೇ ಎಂಬುದನ್ನು ಮಾತ್ರ ತಿಳಿಯಬಲ್ಲವು, ಎಷ್ಟಿದೆಯೆಂದು ಹೇಳಲಾರವು. ಡಿಗ್ರಿಗೆ 10 ಮಿಲಿವೋಲ್ಟಿನಂತೆ ಏರುವ ಉಷ್ಣತಾ ಸಂವೇದಕವನ್ನು ನೇರವಾಗಿ ಜೋಡಿಸಿದರೆ ಪ್ರಯೋಜನವಿಲ್ಲ. ವೋಲ್ಟೇಜನ್ನು ಅಂಕಿಯಾಗಿ ಪರಿವರ್ತಿಸುವ ಬಿಲ್ಲೆಯನ್ನು ನಡುವೆ ಇಡಬೇಕು. 3.3 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಭಾಗಿಸುವ ಬಿಲ್ಲೆಯಲ್ಲಿ ಒಂದು ಮೆಟ್ಟಿಲು 3.2 ಮಿಲಿವೋಲ್ಟ್, ಅಂದರೆ 0.32 ಡಿಗ್ರಿ. ಅದಕ್ಕಿಂತ ಸೂಕ್ಷ್ಮವಾದ ವ್ಯತ್ಯಾಸವನ್ನು ಇಂಥ ಏರ್ಪಾಡು ಕಾಣಲಾರದು. ತೆರೆಯ ಮೇಲೆ ಮೂರು ದಶಾಂಶ ಸ್ಥಾನಗಳು ಮೂಡಿದ ಮಾತ್ರಕ್ಕೆ ಅಳತೆ ಅಷ್ಟು ನಿಖರವಾಯಿತೆಂದು ಭ್ರಮಿಸಬಾರದು.

ಅಲ್ಲದೆ ಈ ಕಡ್ಡಿಗಳು 3.3 ವೋಲ್ಟಿಗಿಂತ ಹೆಚ್ಚನ್ನು ತಾಳಲಾರವು. ಅದೇ ಸಾಲಿನಲ್ಲಿ 5 ವೋಲ್ಟಿನ ಕಡ್ಡಿಗಳೂ ಇರುವುದರಿಂದ, ಒಂದು ಸ್ಥಾನ ತಪ್ಪಿದರೆ ಸಂಸ್ಕಾರಕವೇ ಸುಟ್ಟುಹೋಗಬಹುದು. 5 ವೋಲ್ಟಿನ ಸಂಕೇತವನ್ನು ಒಳತರಬೇಕಾದರೆ 1,000 ಮತ್ತು 2,000 ಓಮ್‌ಗಳ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿ ಮೂರರಲ್ಲಿ ಎರಡು ಭಾಗವನ್ನು ಮಾತ್ರ ತೆಗೆದುಕೊಳ್ಳಬಹುದು. ಇಂಥ ಕೊರತೆ ಎಲ್ಲ ಹಲಗೆಗಳಿಗೂ ಸಮಾನವಲ್ಲ. 2013ರಲ್ಲಿ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಹಲಗೆಯಲ್ಲಿ ವೋಲ್ಟೇಜನ್ನು ಅಳೆಯುವ ಸೌಕರ್ಯವನ್ನು ಉಳಿಸಿಕೊಂಡಿದ್ದಾರೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದು ವಿನ್ಯಾಸಕಾರನ ಆಯ್ಕೆ. ನಮ್ಮ ಕೆಲಸಕ್ಕೆ ಯಾವ ಆಯ್ಕೆ ಒಪ್ಪುವುದೆಂದು ನೋಡುವುದು ನಮ್ಮ ಕರ್ತವ್ಯ.

ಸಮಯಕ್ಕೆ ಸರಿಯಾಗಿ ಬಾರದ ಸೇವಕ

ಲಿನಕ್ಸ್ ಏಕಕಾಲದಲ್ಲಿ ಹಲವು ಕೆಲಸಗಳನ್ನು ನಡೆಸುತ್ತದೆ. ವಾಸ್ತವವಾಗಿ ಅದು ಸಂಸ್ಕಾರಕದ ಕಾಲವನ್ನು ತುಣುಕುಗಳಾಗಿ ಮಾಡಿ ಒಂದೊಂದು ಕೆಲಸಕ್ಕೂ ಹಂಚುತ್ತದೆ. ಒಟ್ಟಿನಲ್ಲಿ ಹೆಚ್ಚು ಕೆಲಸವಾಗಲೆಂಬುದು ಅದರ ಸಾಮಾನ್ಯ ಗುರಿ. ಇಂಥದು ಇಂಥ ಕ್ಷಣಕ್ಕೇ ಆಗಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ. ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಅಳೆಯುವವರಿಗೆ ಇದರಿಂದ ಬಾಧಕವಿಲ್ಲ. ಆದರೆ ಅದೇ ಹಲಗೆಯಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯಲು ಹೊರಟರೆ ಏನಾಗುತ್ತದೆ? ಒಂದು ಮೀಟರ್ ಎತ್ತರದಿಂದ ಬಿಟ್ಟ ಗುಂಡು ನೆಲ ಮುಟ್ಟಲು ಸುಮಾರು 0.45 ಸೆಕೆಂಡು ಬೇಕು. ಬೇರೊಂದು ಕೆಲಸದಲ್ಲಿ ತೊಡಗಿದ್ದ ಗಣಕ ಗುಂಡು ಮುಟ್ಟಿದುದನ್ನು 5 ಮಿಲಿಸೆಕೆಂಡು ತಡವಾಗಿ ಗಮನಿಸಿತೆನ್ನಿ. ಕಾಲದಲ್ಲಿ ಶೇಕಡಾ 1.1ರಷ್ಟು ತಪ್ಪಾಯಿತು, ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ ಉತ್ತರದಲ್ಲಿ ಶೇಕಡಾ 2.2ರಷ್ಟು ತಪ್ಪಾಗುತ್ತದೆ. 9.8 ಬರಬೇಕಾದಲ್ಲಿ 9.6 ಬರುತ್ತದೆ. 2024ರ ನವೆಂಬರಿನಲ್ಲಿ ಹೊರಬಂದ ಲಿನಕ್ಸ್‌ನ 6.12ನೆಯ ಆವೃತ್ತಿಯಲ್ಲಿ ಇಂಥ ವಿಳಂಬವನ್ನು ಕಡಮೆಮಾಡುವ ಏರ್ಪಾಡನ್ನು ಮುಖ್ಯವಾಹಿನಿಗೆ ಸೇರಿಸಿಕೊಂಡಿದ್ದಾರೆ. ಆದರೆ ಬೇಕೆಂದವರು ಅದನ್ನು ಪ್ರತ್ಯೇಕವಾಗಿ ಆಯ್ದು ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ.

ಇಂಥ ಕೆಲಸಕ್ಕೆ ಮೈಕ್ರೊಕಂಟ್ರೋಲರ್ ಎಂಬ ಇನ್ನೂ ಚಿಕ್ಕ ಯಂತ್ರವೇ ಮೇಲು. 2021ರ ಜನವರಿಯಲ್ಲಿ 4 ಡಾಲರ್ ಬೆಲೆಗೆ ಬಂದ ‘ಪೀಕೋ’ ಹಲಗೆಯ ಸ್ಮೃತಿ ಕೇವಲ 264 ಕಿಲೋಬೈಟ್. ಅದರ ಮೇಲೆ ಲಿನಕ್ಸ್ ಇಲ್ಲ. ಅದು ಒಂದೇ ಕ್ರಮವಿಧಿಯನ್ನು ನಡೆಸುತ್ತದೆ. ಆದರೆ ಹೊತ್ತಿಗೆ ಸರಿಯಾಗಿ ನಡೆಸುತ್ತದೆ. ವೋಲ್ಟೇಜನ್ನು ಅಳೆಯುವ ಮೂರು ದ್ವಾರಗಳೂ ಅದರಲ್ಲಿವೆ. ಚಿತ್ರಗಳನ್ನು ಪರಿಶೀಲಿಸಬೇಕು, ಅಂತರಜಾಲದಲ್ಲಿ ಮಾಹಿತಿಯನ್ನು ಹಂಚಬೇಕು, ಕ್ರಮವಿಧಿಗಳನ್ನು ಬರೆದು ಕಲಿಯಬೇಕು ಎನ್ನುವವರಿಗೆ ಲಿನಕ್ಸ್ ಹಲಗೆ ಯೋಗ್ಯ. ಕ್ಷಣಗಣನೆ ಬೇಕಾದವರಿಗೆ ಪೀಕೋದಂಥದು ಯೋಗ್ಯ. ಎರಡನ್ನೂ ಜೋಡಿಸಿ, ಅಳೆಯುವ ಕೆಲಸವನ್ನು ಚಿಕ್ಕದಕ್ಕೂ ಬರೆದಿಡುವ ಕೆಲಸವನ್ನು ದೊಡ್ಡದಕ್ಕೂ ವಹಿಸುವುದು ಇನ್ನೂ ಉತ್ತಮ.

ಬೆಳಕಿನ ಪೆಟ್ಟು

ಬಿಟ್ಟ ಭಾಗವೊಂದು ಎಷ್ಟು ಅನಿರೀಕ್ಷಿತವಾಗಿ ತನ್ನ ಅವಶ್ಯಕತೆಯನ್ನು ತೋರಿಸಿಕೊಳ್ಳಬಹುದೆಂಬುದಕ್ಕೆ 2015ರ ಒಂದು ಪ್ರಸಂಗ ಸಾಕ್ಷಿ. ಆ ವರ್ಷದ ಫೆಬ್ರವರಿಯಲ್ಲಿ ರಾಸ್ಪ್‌ಬೆರಿ ಪೈಯ ಎರಡನೆಯ ಪೀಳಿಗೆ ಹೊರಬಂದಿತು. ಹಲಗೆಯ ಚಿತ್ರ ತೆಗೆಯಲೆಂದು ಕ್ಸೆನಾನ್ ದೀಪದ ಕ್ಯಾಮೆರಾವನ್ನು ಮಿನುಗಿಸಿದೊಡನೆ ಗಣಕ ಆರಿಹೋಗುತ್ತಿತ್ತು! ಕಾರಣವನ್ನು ಹುಡುಕಿದಾಗ ತಿಳಿದುದಿಷ್ಟು: ವಿದ್ಯುತ್ತನ್ನು ನಿಯಂತ್ರಿಸುವ ಪುಟ್ಟ ಬಿಲ್ಲೆಯೊಂದಕ್ಕೆ, ಜಾಗವನ್ನು ಉಳಿಸುವ ಸಲುವಾಗಿ, ಸಾಮಾನ್ಯವಾಗಿರುವ ಕಪ್ಪು ಪ್ಲಾಸ್ಟಿಕ್ಕಿನ ಹೊದಿಕೆ ಇರಲಿಲ್ಲ. ಬರಿಯ ಸಿಲಿಕಾನಿನ ಮೇಲೆ ಪ್ರಬಲವಾದ ಬೆಳಕು ಬಿದ್ದಾಗ ದ್ಯುತಿವಿದ್ಯುತ್ ಪರಿಣಾಮದಿಂದ ಎಲೆಕ್ಟ್ರಾನುಗಳು ಬಿಡುಗಡೆಯಾಗಿ, ನಿಯಂತ್ರಕ ದಾರಿ ತಪ್ಪುತ್ತಿತ್ತು. ಬಿಲ್ಲೆಯನ್ನು ಬೆಳಕು ತೂರದ ಅಂಟಿನಿಂದ ಮುಚ್ಚಿದರೆ ಸಾಕು, ದೋಷ ಪರಿಹಾರವಾಗುತ್ತಿತ್ತು. ಕಪ್ಪು ಹೊದಿಕೆ ಕೇವಲ ಅಲಂಕಾರವೆಂದು ತಿಳಿದಿದ್ದವರಿಗೆ ಅದು ಮಾಡುತ್ತಿದ್ದ ಕೆಲಸ ಅದಿಲ್ಲವಾದಾಗ ತಿಳಿಯಿತು.

ಹಾಗಾದರೆ ಈ ಗಣಕಗಳನ್ನು ಕೊಳ್ಳಬಾರದೇ? ನಮ್ಮ ಅಭಿಪ್ರಾಯ ಅದಲ್ಲ. ಇವು ಇಲ್ಲದಿದ್ದರೆ ಯಂತ್ರದ ಒಳಗನ್ನು ಮುಟ್ಟಿ ನೋಡುವ ಧೈರ್ಯ ಅನೇಕ ವಿದ್ಯಾರ್ಥಿಗಳಿಗೆ ಬರುತ್ತಲೇ ಇರಲಿಲ್ಲ. ಆದರೆ ಹಲಗೆಯ ಬೆಲೆಗೆ ಒಳ್ಳೆಯ ವಿದ್ಯುತ್ ಘಟಕ, ಉತ್ತಮ ಕಾರ್ಡು, ಗಡಿಯಾರದ ಬಿಲ್ಲೆ, ಶಾಖವನ್ನು ಹರಡುವ ಲೋಹ, ವೋಲ್ಟೇಜನ್ನು ಅಳೆಯುವ ಬಿಲ್ಲೆ, ಬ್ಯಾಟರಿ ಇವುಗಳ ಬೆಲೆಯನ್ನು ಕೂಡಿಸಿದ ಮೇಲೆ ಬರುವುದೇ ನಿಜವಾದ ಬೆಲೆ. ಕಛೇರಿಯ ಪತ್ರಗಳನ್ನು ಬರೆಯುವುದಷ್ಟೇ ಉದ್ದೇಶವಾದರೆ ಹಳೆಯ ಮೇಜುಗಣಕವೊಂದು ಅದಕ್ಕಿಂತ ಲಾಭಕರವಾಗಿರಬಹುದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಯಂತ್ರಗಳಿಗೂ ಅನ್ವಯಿಸುತ್ತದೆ.

ಮಹಡಿಯ ಮೇಲಿನ ನಮ್ಮ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಸೂಚನೆ. ತಿಂಗಳ ಅಂಕಿಗಳ ಜೊತೆಗೆ ಪುಸ್ತಕವೊಂದರಲ್ಲಿ ಇವನ್ನೂ ಬರೆದಿಡಲಿ: ಕರೆಂಟು ಎಂದೆಂದು ಹೋಗಿ ಯಾವಾಗ ಬಂದಿತು, ಗಣಕದ ವೇಳೆಯನ್ನು ಕೈಗಡಿಯಾರದೊಡನೆ ಯಾವ ದಿನ ಹೋಲಿಸಿದರು, ಎಷ್ಟು ವ್ಯತ್ಯಾಸ ಕಂಡಿತು, ಸಂವೇದಕ ಗಣಕದಿಂದ ಎಷ್ಟು ದೂರದಲ್ಲಿತ್ತು, ಅಳತೆಯ ಒಂದು ಮೆಟ್ಟಿಲು ಎಷ್ಟು ಡಿಗ್ರಿ. ಆ ಪುಟವೊಂದಿದ್ದರೆ 40,000 ಅಂಕಿಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಮುಂದಿನ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ.